ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡುವವರು ಯಾರು?

ಕಳೆದ ಮಾರ್ಚ್ ತಿಂಗಳ ಕೊನೆಯ ವಾರ. ಹೆಬ್ರಿ ಪೇಟೆಯಲ್ಲಿರುವ ನಮ್ಮ ಮಾವನ ಹಾರ್ಡ್‌ವೇರ್ ಅಂಗಡಿಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಮುಷ್ಕರ ಹೂಡಿತು. ಬಿಲ್ಲಿಂಗ್ ತಂತ್ರಾಂಶ ತೆರೆಯುತ್ತಲೇ ಇರಲಿಲ್ಲ. ವಿಚಾರಿಸಿದರೆ ಅದು ಯಾರೋ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಟ್ಟಿದ್ದ ಕದ್ದ ಪ್ರತಿ. ವರ್ಷವಿಡೀ ಮಾರಿದ ಪೈಪು, ಸಿಮೆಂಟು, ಮೊಳೆಯ ಲೆಕ್ಕವೆಲ್ಲ ಅದರ ಹೊಟ್ಟೆಯೊಳಗೆ. ಜಿಎಸ್‌ಟಿ ರಿಟರ್ನ್ಸ್ ತಲೆಯ ಮೇಲೆ. ಮಾವ ಫೋನ್ ಮಾಡಿದ್ದು ನನಗೆ. "ನೀನು ಕಂಪ್ಯೂಟರ್ ಇಂಜಿನಿಯರಿಂಗ್ ಅಲ್ವಾ ಕಲಿಯುದು? ಒಮ್ಮೆ ಬಂದು ನೋಡು ಮಾರಾಯ್ತಿ."

ನೋಡಿದೆ. ಹಳೆಯ ಲೆಕ್ಕದಲ್ಲಿ ಅರ್ಧದಷ್ಟು ಮಾತ್ರ ಮರಳಿ ಸಿಕ್ಕಿತು, ಉಳಿದದ್ದನ್ನು ಬಿಲ್ ಪುಸ್ತಕ ನೋಡಿ ಅತ್ತೆ ಮತ್ತು ನಾನು ನಾಲ್ಕು ರಾತ್ರಿ ಕೂತು ಟೈಪ್ ಮಾಡಿದೆವು. ಆಮೇಲೆ ಮಾವನಿಗೆ ಹೇಳಿದೆ: "ಇನ್ನು ಕದ್ದದ್ದು ಬೇಡ ಮಾವ. ಓಪನ್ ಸೋರ್ಸ್ ಅಂತ ಉಂಟು. ಲೆಕ್ಕದ ತಂತ್ರಾಂಶ ಪೂರ್ತಿ ಫ್ರೀ. ಕಾನೂನುಬದ್ಧ. ಹಾಕಿ ಕೊಡ್ತೇನೆ."

ಮಾವ ಸಂತೋಷಪಡುತ್ತಾರೆ ಅಂದುಕೊಂಡಿದ್ದೆ. ಆದರೆ ಮೂವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ, ಅನುಮಾನದಿಂದ ನನ್ನ ಮುಖ ನೋಡಿದರು. "ಫ್ರೀ ಅಂತಾದ್ರೆ ಅದನ್ನು ಮಾಡಿದವನ ಮನೆ ನಡೆಯುದು ಹೇಗೆ? ಅವನಿಗೆ ಹೊಟ್ಟೆಪಾಡು ಇಲ್ವಾ? ನಾಳೆ ಅವನು ಬಿಟ್ಟು ಹೋದ್ರೆ ನನ್ನ ಅಂಗಡಿ ಕತೆ ಎಂತ?"

ಮೂರು ವರ್ಷದಿಂದ ಬಿ.ಇ. ಓದುತ್ತಿದ್ದೇನೆ. ಲ್ಯಾಬಿನಲ್ಲಿ ಲಿನಕ್ಸ್, ಪ್ರಾಜೆಕ್ಟಿಗೆ ಪೈಥಾನ್, ಡೇಟಾಬೇಸ್ ಅಂದರೆ ಮೈಎಸ್‌ಕ್ಯೂಎಲ್. ನಾನು ಮುಟ್ಟುವುದೆಲ್ಲ ಓಪನ್ ಸೋರ್ಸ್. ಆದರೂ ಮಾವ ಕೇಳಿದ ಪ್ರಶ್ನೆಯನ್ನು ಒಂದು ದಿನವೂ ನಾನು ಕೇಳಿಕೊಂಡಿರಲಿಲ್ಲ. ಅಂದಿನಿಂದ ಕಾಲೇಜು ಬಸ್ಸಿನಲ್ಲಿ ಕೂತು ಯೋಚಿಸಿದ್ದನ್ನು, ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಯಾಕೆಂದರೆ ಇದು ನನ್ನ ಮಾವನ ಅಂಗಡಿಯ ಪ್ರಶ್ನೆ ಮಾತ್ರವಲ್ಲ. ಇನ್ನೊಂದು ವರ್ಷದಲ್ಲಿ ಕೆಲಸ ಹುಡುಕಬೇಕಾದ ನನ್ನ, ನಿಮ್ಮ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಫ್ರೀ ಬೇರೆ, ತೆರೆದದ್ದು ಬೇರೆ

ಮೊದಲು ನನ್ನದೇ ತಪ್ಪನ್ನು ತಿದ್ದಿಕೊಳ್ಳುತ್ತೇನೆ. ಮಾವನಿಗೆ ನಾನು "ಫ್ರೀ" ಎಂದದ್ದೇ ತಪ್ಪು. ಓಪನ್ ಸೋರ್ಸ್ ಎಂದರೆ ಬೆಲೆ ಇಲ್ಲದ್ದು ಎಂದಲ್ಲ. ತಂತ್ರಾಂಶದ ಮೂಲ ಬರವಣಿಗೆ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿರುತ್ತದೆ. ಅದನ್ನು ಬಳಸಬಹುದು, ಓದಬಹುದು, ಬೇಕಾದಂತೆ ಬದಲಿಸಬಹುದು, ಬದಲಿಸಿದ್ದನ್ನು ಬೇರೆಯವರಿಗೆ ಹಂಚಬಹುದು, ಮಾರಲೂಬಹುದು. 1983ರಲ್ಲಿ ಈ ಚಳವಳಿಗೆ ನಾಂದಿ ಹಾಡಿದ ರಿಚರ್ಡ್ ಸ್ಟಾಲ್‌ಮನ್ ತಮ್ಮ 'ಇಮ್ಯಾಕ್ಸ್' ಎಂಬ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿಸಿ 150 ಡಾಲರಿಗೆ ಮಾರುತ್ತಿದ್ದರು. ನೆಟ್‌ನಿಂದ ಇಳಿಸಿಕೊಳ್ಳಬಲ್ಲವರಿಗೆ ಪುಕ್ಕಟೆ, ಟೇಪು ಬೇಕಾದವರಿಗೆ ದುಡ್ಡು. ವ್ಯಾಪಾರ ಆ ಕಾಲದಲ್ಲೇ ಶುರುವಾಗಿತ್ತು.

ತದ್ವಿರುದ್ಧದ ಉದಾಹರಣೆ ನಮ್ಮ ಕನ್ನಡದಲ್ಲೇ ಇದೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಾಗ ಉಚಿತವಾಗಿ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಎಷ್ಟೋ ಜನ ಕಲಿತದ್ದೇ ಅದರಿಂದ. ಆದರೆ ಅದು ಉಚಿತವಾಗಿತ್ತೇ ಹೊರತು ಓಪನ್ ಸೋರ್ಸ್ ಆಗಿರಲಿಲ್ಲ. ಮುಂದೆ ಅದಕ್ಕೆ ಬೆಲೆ ಬಂತು. ಅದರಲ್ಲಿ ತಪ್ಪೇನೂ ಇಲ್ಲ, ಮಾಡಿದವರ ಹಕ್ಕು ಅದು. ನಾನು ಹೇಳುವುದಿಷ್ಟೇ: ಬೆಲೆ ಇಲ್ಲದಿರುವುದು ಒಂದು ಸಂಗತಿ, ಬಾಗಿಲು ತೆರೆದಿರುವುದು ಇನ್ನೊಂದು ಸಂಗತಿ. ಎರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಚರ್ಚೆಯೆಲ್ಲ ದಾರಿ ತಪ್ಪುತ್ತದೆ.

ಮಸಾಲೆದೋಸೆಯ ಗುಟ್ಟು

ಹಾಗಾದರೆ ಬಾಗಿಲು ತೆರೆದಿಟ್ಟು ವ್ಯಾಪಾರ ಮಾಡಲು ಸಾಧ್ಯವೇ? ಉಡುಪಿ ಜಿಲ್ಲೆಯವರಾದ ನಾವು ಈ ಪ್ರಶ್ನೆ ಕೇಳಿದರೆ ನಗಬೇಕು. ಮಸಾಲೆದೋಸೆ ಮಾಡುವ ವಿಧಾನ ಯಾರಿಗೆ ಗೊತ್ತಿಲ್ಲ? ಅಕ್ಕಿ, ಉದ್ದು, ಮೆಂತೆ, ಪಲ್ಯ. ಅದಕ್ಕೆ ಪೇಟೆಂಟ್ ಇಲ್ಲ, ಬೀಗ ಇಲ್ಲ. ಆದರೂ ನಮ್ಮೂರಿನವರು ಮುಂಬೈ, ಚೆನ್ನೈ, ಬೆಂಗಳೂರು, ದುಬೈ ಎಂದು ಹೋಗಿ ಹೋಟೆಲ್ ಕಟ್ಟಿದರು. ಗ್ರಾಹಕ ದುಡ್ಡು ಕೊಟ್ಟದ್ದು ದೋಸೆಯ ಗುಟ್ಟಿಗಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದಿರುತ್ತದೆ, ಬಿಸಿಯಾಗಿ ಸಿಗುತ್ತದೆ, ನಿನ್ನೆಯ ರುಚಿ ಇಂದೂ ಇರುತ್ತದೆ ಎಂಬ ನಂಬಿಕೆಗೆ.

ರೆಡ್ ಹ್ಯಾಟ್ ಎಂಬ ಅಮೆರಿಕದ ಕಂಪನಿ ಮಾಡಿದ್ದೂ ಬಹುತೇಕ ಇದನ್ನೇ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಎಲ್ಲರಿಗೂ ತೆರೆದದ್ದು. ರೆಡ್ ಹ್ಯಾಟ್ ಅದನ್ನು ಆರಿಸಿ, ಕೇರಿ, ಪರೀಕ್ಷೆ ಮಾಡಿ, "ಇಷ್ಟು ವರ್ಷ ಇದಕ್ಕೆ ನಾವು ಜವಾಬ್ದಾರಿ, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೂ ಫೋನ್ ಎತ್ತುತ್ತೇವೆ" ಎಂದಿತು. ಬ್ಯಾಂಕುಗಳು, ಷೇರುಪೇಟೆಗಳು ಆ ಮಾತಿಗೆ ವರ್ಷ ವರ್ಷ ಚಂದಾ ಕಟ್ಟಿದವು. 2012ರಲ್ಲಿ ಅದರ ವಾರ್ಷಿಕ ವರಮಾನ ನೂರು ಕೋಟಿ ಡಾಲರ್ ದಾಟಿತು. 2019ರಲ್ಲಿ ಐಬಿಎಂ ಅದನ್ನು ಕೊಂಡದ್ದು 3,400 ಕೋಟಿ ಡಾಲರಿಗೆ. ಪುಕ್ಕಟೆ ಸಿಗುವ ವಸ್ತುವಿನ ಸುತ್ತ ಕಟ್ಟಿದ ಕಂಪನಿಯ ಬೆಲೆ ಇದು.

ಒಂದು ವ್ಯತ್ಯಾಸ ಮಾತ್ರ ಇದೆ. 'ಉಡುಪಿ ಹೋಟೆಲ್' ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಉಡುಪಿಯನ್ನು ಕಣ್ಣಲ್ಲಿ ಕಾಣದವರೂ ಹಾಕಿದ್ದಾರೆ. ರೆಡ್ ಹ್ಯಾಟ್ ಕೋಡನ್ನು ತೆರೆದಿಟ್ಟರೂ ಹೆಸರನ್ನು ಬಿಟ್ಟುಕೊಡಲಿಲ್ಲ. ಅದೇ ಕೋಡಿನಿಂದ 'ಸೆಂಟ್ ಓಎಸ್' ಎಂಬುದನ್ನು ಬೇರೆಯವರು ಮಾಡಿದಾಗ ಕೆಂಪು ಟೊಪ್ಪಿಯ ಹೆಸರು, ಚಿಹ್ನೆ ಎಲ್ಲವನ್ನೂ ತೆಗೆಯಬೇಕಾಯಿತು. ತೆರೆದ ವ್ಯಾಪಾರದಲ್ಲಿ ಹೆಸರೇ ಆಸ್ತಿ.

ನಮ್ಮ ದೇಶದ ಕತೆ

"ಅದೆಲ್ಲ ಅಮೆರಿಕದ್ದಾಯಿತು, ಇಲ್ಲಿ?" ಎಂದು ನೀವು ಕೇಳಬಹುದು. ಮುಂಬೈಯ ರುಶಭ್ ಮೆಹ್ತಾ ತಮ್ಮ ಮನೆತನದ ಪೀಠೋಪಕರಣ ವ್ಯಾಪಾರಕ್ಕೆ ದೊಡ್ಡ ತಂತ್ರಾಂಶ ಅಳವಡಿಸಲು ಹೋಗಿ ಸೋತವರು. ಆ ಸೋಲಿನಿಂದ ಹುಟ್ಟಿದ್ದು 'ಇಆರ್‌ಪಿನೆಕ್ಸ್ಟ್' ಮತ್ತು 'ಫ್ರಾಪೆ' ಎಂಬ ಕಂಪನಿ. ಲೆಕ್ಕ, ದಾಸ್ತಾನು, ಸಂಬಳ ಎಲ್ಲವನ್ನೂ ನೋಡಿಕೊಳ್ಳುವ ಈ ತಂತ್ರಾಂಶದ ಕೋಡ್ ಪೂರ್ತಿ ತೆರೆದದ್ದು. ನೀವೇ ಸರ್ವರ್ ಹಾಕಿಕೊಂಡರೆ ಒಂದು ಪೈಸೆ ಕೊಡಬೇಕಿಲ್ಲ. ಆದರೆ ಸರ್ವರ್ ನೋಡಿಕೊಳ್ಳುವ ತಲೆನೋವು ಬೇಡ ಎನ್ನುವವರಿಗೆ ಅವರೇ ತಮ್ಮ ಕ್ಲೌಡ್‌ನಲ್ಲಿ ನಡೆಸಿಕೊಟ್ಟು ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾರೆ. ಜೊತೆಗೆ ಇದನ್ನು ಅಳವಡಿಸಿಕೊಡುವುದನ್ನೇ ಕಸುಬು ಮಾಡಿಕೊಂಡ ಚಿಕ್ಕ ಚಿಕ್ಕ ಸಂಸ್ಥೆಗಳು ದೇಶದ ಉದ್ದಗಲಕ್ಕೂ ಇವೆ.

ನಮ್ಮ ಬೆಂಗಳೂರಿನ ಜೆರೋಧಾ ಇನ್ನೊಂದು ಬಗೆ. 2010ರಲ್ಲಿ ಕಾಮತ್ ಸಹೋದರರು ಕಟ್ಟಿದ ಈ ಷೇರು ದಲ್ಲಾಳಿ ಸಂಸ್ಥೆ ತಂತ್ರಾಂಶ ಮಾರುವುದಿಲ್ಲ. ಆದರೆ ಅದರ ವ್ಯವಹಾರದ ಅಡಿಗಲ್ಲು ಓಪನ್ ಸೋರ್ಸ್. ತಾವು ಮಾಡಿಕೊಂಡ 'ಲಿಸ್ಟ್‌ಮಾಂಕ್'ನಂಥ ತಂತ್ರಾಂಶಗಳನ್ನು ಅವರು ಜಗತ್ತಿಗೆ ತೆರೆದಿಟ್ಟಿದ್ದಾರೆ. ಫ್ರಾಪೆಯಲ್ಲಿ ಹೂಡಿಕೆ ಮಾಡಿದ್ದಾರೆ. 2024ರ ಅಕ್ಟೋಬರಿನಲ್ಲಿ, ಜಗತ್ತಿನ ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನೂ ಘೋಷಿಸಿದರು. ಇದು ದಾನವಲ್ಲ, ತಿಂದ ಅನ್ನದ ಋಣ ಎಂದು ನಾನು ತಿಳಿಯುತ್ತೇನೆ.

ಬೆಂಗಳೂರಿನಲ್ಲೇ ಬೇರೂರಿದ ಹಸೂರ ಎಂಬ ಕಂಪನಿ 2018ರಲ್ಲಿ ತನ್ನ ಮುಖ್ಯ ತಂತ್ರಾಂಶವನ್ನು ತೆರೆದಿಟ್ಟಿತು. 2022ರಲ್ಲಿ ಅದರ ಮೌಲ್ಯ ನೂರು ಕೋಟಿ ಡಾಲರ್ ಎಂದು ಹೂಡಿಕೆದಾರರು ಲೆಕ್ಕ ಕಟ್ಟಿದರು. 2019ರಲ್ಲಿ ಶುರುವಾದ ಆ್ಯಪ್‌ಸ್ಮಿತ್ ಕೂಡ ಇದೇ ದಾರಿಯದ್ದು: ಮೂಲ ಆವೃತ್ತಿ ಎಲ್ಲರಿಗೂ ತೆರೆದದ್ದು, ದೊಡ್ಡ ಕಂಪನಿಗಳಿಗೆ ಬೇಕಾದ ಹೆಚ್ಚುವರಿ ಸೌಲಭ್ಯಕ್ಕೆ ಮಾತ್ರ ದುಡ್ಡು. ಹಾಗೆಂದು ಹೂಡಿಕೆದಾರರು ಕಟ್ಟಿದ ಮೌಲ್ಯವನ್ನೇ ಯಶಸ್ಸು ಎನ್ನುವಂತಿಲ್ಲ. ಲಾಭ ಬೇರೆ, ಮೌಲ್ಯ ಬೇರೆ. ಆದರೆ ಬಾಗಿಲು ತೆರೆದಿಟ್ಟವನ ಅಂಗಡಿಗೆ ಯಾರೂ ಬಂಡವಾಳ ಹಾಕುವುದಿಲ್ಲ ಎಂಬ ಮಾತಂತೂ ಸುಳ್ಳಾಯಿತು.

ಇಷ್ಟೆಲ್ಲ ದೂರ ಹೋಗುವುದೂ ಬೇಡ. ನಮ್ಮಲ್ಲಿ ಎಷ್ಟೋ ಕಾಲೇಜು ಲೈಬ್ರರಿಗಳಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇಡುವುದು 'ಕೊಹಾ' ಎಂಬ ತಂತ್ರಾಂಶ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬಲ್ಲಿಯ ಲೈಬ್ರರಿ ಟ್ರಸ್ಟ್‌ಗಾಗಿ 2000ದ ಜನವರಿಗೆ ಅದು ಸಿದ್ಧವಾಯಿತು. ಅವರ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ಅರ್ಥಮಾಡಿಕೊಳ್ಳುವಂತಿರಲಿಲ್ಲ. ಕಟೀಪೊ ಎಂಬ ಚಿಕ್ಕ ಕಂಪನಿ ದುಡ್ಡು ತೆಗೆದುಕೊಂಡೇ ಹೊಸದನ್ನು ಬರೆದುಕೊಟ್ಟಿತು, ಆಮೇಲೆ ಅದನ್ನು ಎಲ್ಲರಿಗೂ ತೆರೆದಿಡಲಾಯಿತು. ಇಂದು ಅದನ್ನು ಅಳವಡಿಸಿ, ಹಳೆಯ ಕ್ಯಾಟಲಾಗ್ ವರ್ಗಾಯಿಸಿ, ಸಿಬ್ಬಂದಿಗೆ ತರಬೇತಿ ಕೊಟ್ಟು ಬದುಕುವವರು ನಮ್ಮ ದೇಶದಲ್ಲೂ ಇದ್ದಾರೆ.

'ಕೊಹಾ' ಎಂಬುದು ಮಾವೋರಿ ಭಾಷೆಯ ಪದ. ಅದರ ಅರ್ಥ ಉಡುಗೊರೆ ಎಂದು. ಆದರೆ ಸುಮ್ಮನೆ ಕೊಟ್ಟು ಮರೆಯುವ ಉಡುಗೊರೆಯಲ್ಲ, ಒಂದು ದಿನ ಮರಳಿ ಬರಬೇಕಾದ ಉಡುಗೊರೆ. ಇದನ್ನು ಓದಿದಾಗ ನನಗೆ ಅಜ್ಜಿ ಹೇಳುವ 'ಮುಯ್ಯಿ' ನೆನಪಾಯಿತು. ಹಿಂದೆಲ್ಲ ನೆಟ್ಟಿಯ ದಿನ ನಮ್ಮ ಗದ್ದೆಗೆ ನೆರೆಮನೆಯವರು ಮುಯ್ಯಾಳಾಗಿ ಬರುತ್ತಿದ್ದರು. ಕೂಲಿ ಇಲ್ಲ. ಆದರೆ ಅವರ ನೆಟ್ಟಿಯ ದಿನ ನಾವು ಹೋಗಲೇಬೇಕು. ಹೋಗದಿದ್ದರೆ? ಮರುವರ್ಷ ನಮ್ಮ ಗದ್ದೆ ಬೀಳು.

ಗೆದ್ದವರಷ್ಟೇ ಸೋತವರೂ ಇದ್ದಾರೆ

ಇಲ್ಲಿಗೇ ನಿಲ್ಲಿಸಿದರೆ ಇದು ಜಾಹೀರಾತು ಆದೀತು. ಆದ್ದರಿಂದ ಸೋಲಿನ ಕತೆಯನ್ನೂ ಹೇಳಬೇಕು.

ಬೆಂಗಳೂರಿನ ಸಿಂಪ್ಯೂಟರ್ ಬಗ್ಗೆ ನಮ್ಮ ತಲೆಮಾರಿನ ಹೆಚ್ಚಿನವರು ಕೇಳಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ, ಹಳ್ಳಿಯವರ ಕೈಗೂ ಸಿಗಬೇಕು ಎಂದು ರೂಪಿಸಿದ ಅಂಗೈಯಗಲದ ಕಂಪ್ಯೂಟರ್ ಅದು. ಸ್ಮಾರ್ಟ್‌ಫೋನ್ ಇನ್ನೂ ಜನಸಾಮಾನ್ಯರ ಕೈಗೆ ಬಂದಿರದ ಕಾಲ. ಒಳಗೆ ಲಿನಕ್ಸ್. ಅದರ ಯಂತ್ರ ವಿನ್ಯಾಸವನ್ನೂ ಮುಕ್ತ ಪರವಾನಗಿಯಡಿ ತೆರೆದಿಟ್ಟಿದ್ದರು. 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು, ತಯಾರಿಸಿದ್ದು ಬಿಇಎಲ್. ಆದರೆ ಕೊಳ್ಳುವವರು ಬರಲಿಲ್ಲ. ಹತ್ತು ಸಾವಿರದ ಆಸುಪಾಸಿನ ಬೆಲೆ ಹಳ್ಳಿಗೆ ದುಬಾರಿಯಾಯಿತು, ಅಷ್ಟರಲ್ಲಿ ಮೊಬೈಲ್ ಅಗ್ಗವಾಯಿತು. ತೆರೆದಿಟ್ಟದ್ದರಿಂದ ಅದು ಸೋಲಲಿಲ್ಲ, ನಿಜ. ಆದರೆ ತೆರೆದಿಟ್ಟದ್ದು ಅದನ್ನು ಉಳಿಸಲೂ ಇಲ್ಲ. ಕೋಡ್ ತೆರೆದಿದೆ ಎಂಬ ಕಾರಣಕ್ಕೆ ಯಾವ ಗ್ರಾಹಕನೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಡಾಕರ್ ಇನ್ನೊಂದು ಪಾಠ. 2013ರಲ್ಲಿ ಬಂದ ಈ ತಂತ್ರಾಂಶವನ್ನು ಬಳಸದ ಐಟಿ ಕಂಪನಿ ಇಲ್ಲ ಎನ್ನುವಷ್ಟು ಜನಪ್ರಿಯವಾಯಿತು. ಆದರೂ ಕಂಪನಿಗೆ ದುಡ್ಡು ಹುಟ್ಟಲಿಲ್ಲ. 2019ರಲ್ಲಿ ದೊಡ್ಡ ಗ್ರಾಹಕರ ವಿಭಾಗವನ್ನೇ ಮಾರಿಬಿಡಬೇಕಾಯಿತು. 2021ರಲ್ಲಿ ದೊಡ್ಡ ಕಂಪನಿಗಳು ಡಾಕರ್ ಡೆಸ್ಕ್‌ಟಾಪ್ ಬಳಸಲು ಚಂದಾ ಕಟ್ಟಬೇಕು ಎಂಬ ನಿಯಮ ತಂದ ಮೇಲೆ ಅದು ಚೇತರಿಸಿಕೊಂಡಿತು. ಜನಪ್ರಿಯತೆ ಬೇರೆ, ಗಲ್ಲಾಪೆಟ್ಟಿಗೆ ಬೇರೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಚಿಕ್ಕ ಕಂಪನಿಯೊಂದು ವರ್ಷಗಟ್ಟಲೆ ಬೆವರು ಸುರಿಸಿ ತಂತ್ರಾಂಶ ಮಾಡಿ ತೆರೆದಿಡುತ್ತದೆ. ಅಮೆಜಾನ್‌ನಂಥ ದೈತ್ಯ ಅದನ್ನೇ ಎತ್ತಿ ತನ್ನ ಕ್ಲೌಡ್‌ನಲ್ಲಿ ಬಾಡಿಗೆಗೆ ಕೊಡುತ್ತದೆ. ಪರವಾನಗಿಯ ಪ್ರಕಾರ ಇದು ತಪ್ಪಲ್ಲ. ಆದರೆ ನೆಟ್ಟವನು ಒಬ್ಬ, ಕೊಯ್ದವನು ಇನ್ನೊಬ್ಬ. ಇದಕ್ಕೆ ಹೆದರಿ 2018ರಲ್ಲಿ ಮಾಂಗೋಡಿಬಿ, 2021ರಲ್ಲಿ ಇಲಾಸ್ಟಿಕ್, 2023ರಲ್ಲಿ ಹಾಶಿಕಾರ್ಪ್, 2024ರಲ್ಲಿ ರೆಡಿಸ್ ತಮ್ಮ ಪರವಾನಗಿ ಬಿಗಿ ಮಾಡಿದವು. ಬಳಕೆದಾರರು ಸುಮ್ಮನಿರಲಿಲ್ಲ. ಹಳೆಯ ತೆರೆದ ಕೋಡನ್ನೇ ಹಿಡಿದು ಓಪನ್‌ಸರ್ಚ್, ಓಪನ್‌ಟೋಫು, ವಾಲ್ಕೀ ಎಂಬ ಕವಲುಗಳು ಹುಟ್ಟಿದವು. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಮತ್ತೆ ಓಪನ್ ಸೋರ್ಸ್ ಪರವಾನಗಿಯ ಕಡೆ ಮುಖ ಮಾಡಿದವು. ಒಮ್ಮೆ ತೆರೆದ ಬಾಗಿಲನ್ನು ಮುಚ್ಚಲು ಹೋದರೆ ಒಳಗಿದ್ದ ನೆಂಟರೇ ಎದ್ದು ಹೋಗುತ್ತಾರೆ. ಇಷ್ಟೆಲ್ಲ ಗೆದ್ದ ರೆಡ್ ಹ್ಯಾಟ್ ಕೂಡ 2023ರಲ್ಲಿ ತನ್ನ ಮುಖ್ಯ ಆವೃತ್ತಿಯ ಕೋಡನ್ನು ಗ್ರಾಹಕರಿಗಷ್ಟೇ ಸೀಮಿತ ಮಾಡಿ ಬಾಗಿಲನ್ನು ಅರ್ಧ ಎಳೆದುಕೊಂಡಿತು.

ಒಬ್ಬನ ಹೆಗಲ ಮೇಲೆ ಊರ ಭಾರ

ಇನ್ನು ಕಂಪನಿಯೇ ಇಲ್ಲದವರ ಕತೆ. 2014ರಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾದಾಗ ಜಗತ್ತಿಗೆ ಒಂದು ಸತ್ಯ ತಿಳಿಯಿತು. ನಾವು ಬ್ಯಾಂಕಿನ ವೆಬ್‌ಸೈಟಿಗೆ ಪಾಸ್‌ವರ್ಡ್ ಹಾಕುವಾಗ ಅದನ್ನು ಕಾಪಾಡುವ 'ಓಪನ್ ಎಸ್‌ಎಸ್‌ಎಲ್' ಎಂಬ ತಂತ್ರಾಂಶಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ. ಕೋಟಿಗಟ್ಟಲೆ ವ್ಯವಹಾರ ಮಾಡುವ ಕಂಪನಿಗಳೆಲ್ಲ ಅದನ್ನು ಬಳಸುತ್ತಿದ್ದವು. ಯಾರೂ ಮುಯ್ಯಿ ತೀರಿಸಿರಲಿಲ್ಲ. 2024ರ ಮಾರ್ಚಿನಲ್ಲಿ 'ಎಕ್ಸ್‌ಝಡ್' ಎಂಬ ಪುಟ್ಟ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಪತ್ತೆಯಾಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ಬಹುಮಟ್ಟಿಗೆ ಒಬ್ಬರೇ, ಅದೂ ಸಂಬಳವಿಲ್ಲದೆ. ದಣಿದಿದ್ದ ಅವರಿಗೆ ಸಹಾಯ ಮಾಡುವ ನೆಪದಲ್ಲಿ ವರ್ಷಗಟ್ಟಲೆ ನಂಬಿಕೆ ಗಳಿಸಿ ಒಳನುಗ್ಗಿದ್ದ ಕಳ್ಳ.

ನಮ್ಮ ನಾಡಿನಲ್ಲೂ ಒಬ್ಬರಿದ್ದಾರೆ. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಮಣಿಪಾಲಕ್ಕೂ ಅವರಿಗೂ ಹಳೆಯ ನಂಟು. ಇಂಗ್ಲಿಷ್ ಕೀಲಿಮಣೆಯಲ್ಲೇ ಸುಲಭವಾಗಿ ಕನ್ನಡ ಟೈಪ್ ಮಾಡುವ ವಿನ್ಯಾಸ ರೂಪಿಸಿ, ಅದಕ್ಕೆ ಬೇಲಿ ಹಾಕದೆ ಎಲ್ಲರಿಗೂ ಬಿಟ್ಟರು. 'ನುಡಿ'ಯಲ್ಲಿ ಇರುವ ಕೀಲಿಮಣೆಯ ಬೇರು ಅಲ್ಲಿದೆ. ಅವರ ವಿನ್ಯಾಸದ ಮೇಲೆ ಎಷ್ಟು ಡಿಟಿಪಿ ಅಂಗಡಿಗಳು, ಎಷ್ಟು ಪತ್ರಿಕೆಗಳು, ಎಷ್ಟು ಸರ್ಕಾರಿ ಕಚೇರಿಗಳು ನಡೆದವು! ಅವರಿಗೆ ನಾಡೋಜ ಗೌರವ ಬಂತು. ಆದರೆ ಹಾರ ತುರಾಯಿಯಿಂದ ಮುಂದಿನ ಕೆ.ಪಿ. ರಾವ್ ಹುಟ್ಟುವುದಿಲ್ಲ. ಕೆಲಸಕ್ಕೆ ಸಂಬಳ ಬೇಕು.

ಹಾಗಾದರೆ ನನ್ನ ಅಭಿಪ್ರಾಯವೇನು?

ಇಷ್ಟೆಲ್ಲ ಓದಿದ ಮೇಲೆ ನನಗನಿಸಿದ್ದು: "ಓಪನ್ ಸೋರ್ಸ್ ವ್ಯಾಪಾರದ ಮಾದರಿಯಾಗಿ ಗೆಲ್ಲುತ್ತದೆಯೇ" ಎಂಬ ಪ್ರಶ್ನೆಯೇ ಸ್ವಲ್ಪ ಓರೆಯಾಗಿದೆ. ಓಪನ್ ಸೋರ್ಸ್ ಎಂಬುದು ತಂತ್ರಾಂಶ ಮಾಡುವ ಒಂದು ವಿಧಾನ, ವ್ಯಾಪಾರದ ಮಾದರಿಯಲ್ಲ. ವ್ಯಾಪಾರ ಅದರ ಪಕ್ಕದಲ್ಲಿ ನಿಲ್ಲುತ್ತದೆ. ಬಾವಿ ಊರಿನದ್ದಾದರೂ ನೀರು ಹೊತ್ತು ತಂದವನಿಗೆ ಕೂಲಿ ಸಿಗುತ್ತದಲ್ಲ, ಹಾಗೆ. ಪಕ್ಕದಲ್ಲಿ ನಿಲ್ಲಿಸಲು ಏನಾದರೂ ಇದ್ದವನು ಗೆಲ್ಲುತ್ತಾನೆ: ಜವಾಬ್ದಾರಿ, ಕ್ಲೌಡ್, ತರಬೇತಿ, ನಂಬಿಕೆಯ ಹೆಸರು. "ಮೊದಲು ಜನಪ್ರಿಯವಾಗಲಿ, ದುಡ್ಡಿನ ವಿಚಾರ ಆಮೇಲೆ" ಎಂದವನು ಸೋಲುತ್ತಾನೆ, ಇಲ್ಲವೇ ಕೊನೆಗೆ ಬಾಗಿಲು ಮುಚ್ಚಿ ಜನರ ಶಾಪಕ್ಕೆ ಗುರಿಯಾಗುತ್ತಾನೆ.

ಮಾವನ ಎರಡನೇ ಪ್ರಶ್ನೆ, "ಅವನು ಬಿಟ್ಟು ಹೋದ್ರೆ?" ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಮುಚ್ಚಿದ ತಂತ್ರಾಂಶದ ಕಂಪನಿ ಬಾಗಿಲು ಹಾಕಿದರೆ ನಿಮ್ಮ ಲೆಕ್ಕವೂ ಅದರೊಳಗೇ ಸಿಕ್ಕಿಬೀಳಬಹುದು. ತೆರೆದದ್ದಾದರೆ ಕೋಡ್ ಉಳಿಯುತ್ತದೆ, ಇನ್ನೊಬ್ಬರು ಎತ್ತಿಕೊಳ್ಳಬಹುದು. ಓರಾಕಲ್ ಕೈಗೆ ಮೈಎಸ್‌ಕ್ಯೂಎಲ್ ಹೋದಾಗ ಅದನ್ನು ಮಾಡಿದವರೇ 'ಮರಿಯಾಡಿಬಿ' ಎಂದು ಕವಲು ತೆಗೆದು ಮುಂದುವರಿಸಿದಂತೆ. ಆದರೆ "ಎತ್ತಿಕೊಳ್ಳಬಹುದು" ಎಂಬುದು "ಎತ್ತಿಕೊಂಡೇ ತೀರುತ್ತಾರೆ" ಎಂದಲ್ಲ. ಅದಕ್ಕೆ ಆ ವಿದ್ಯೆ ಗೊತ್ತಿದ್ದವರು ಹತ್ತಿರದಲ್ಲಿ ಇರಬೇಕು. ಹೆಬ್ರಿಯಲ್ಲೂ ಇರಬೇಕು.

ನಮ್ಮಂಥವರಿಗೆ ಇಲ್ಲಿ ಏನಿದೆ?

ಕಾಲೇಜುಗಳಲ್ಲಿ ಈಗ "ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡಿ, ರೆಸ್ಯೂಮೆಗೆ ಒಳ್ಳೆಯದು" ಎಂಬ ಉಪದೇಶ ಜೋರಾಗಿದೆ. ಒಳ್ಳೆಯದೇ. ಆದರೆ 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಏನಾಯಿತು ನೆನಪಿಡಿ. ಉಚಿತ ಟಿ-ಶರ್ಟಿನ ಆಸೆಗೆ ಸಾವಿರಾರು ಜನ ಬೇರೆಯವರ ಯೋಜನೆಗಳಿಗೆ ಒಂದು ಪದ, ಒಂದು ಚುಕ್ಕೆ ಸೇರಿಸಿ ಕಳಿಸಿದರು. ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಇದ್ದರು. ಸಂಬಳವಿಲ್ಲದೆ ದುಡಿಯುವವರ ಅಂಗಳಕ್ಕೆ ನಾವು ಕಸ ಹಾಕಿ ಬಂದೆವು. ಅದು ಮುಯ್ಯಿ ಅಲ್ಲ.

ಇನ್ನೊಂದು ಮಾತು. ಪುಕ್ಕಟೆ ಕೊಡುಗೆ ಕೊಡಲು ಪುಕ್ಕಟೆ ಸಮಯ ಬೇಕು. ಶಿಕ್ಷಣ ಸಾಲ ತಲೆಯ ಮೇಲಿರುವ, ಸಂಜೆ ಮನೆಗೆ ಬಂದು ದನಕ್ಕೆ ಹುಲ್ಲು ಹಾಕಬೇಕಾದ ಹುಡುಗ ಹುಡುಗಿಯರಿಗೆ "ವರ್ಷವಿಡೀ ಸುಮ್ಮನೆ ಕೋಡ್ ಬರೆ, ಮುಂದೆ ಕೆಲಸ ಸಿಗುತ್ತದೆ" ಎನ್ನುವುದು ಸುಲಭದ ಮಾತು. 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್‌ನಂಥ, ಕೆಲಸಕ್ಕೆ ದುಡ್ಡು ಕೊಡುವ ದಾರಿಗಳಿವೆ. ಅವು ಸಾಲವು. ಓಪನ್ ಸೋರ್ಸ್‌ನಿಂದ ಲಾಭ ಪಡೆಯುವ ಬೆಂಗಳೂರಿನ ದೊಡ್ಡ ಕಂಪನಿಗಳು ಕಾಲೇಜುಗಳಿಗೆ ಬಂದು ಇಂಥ ಕೆಲಸಕ್ಕೆ ಸಂಬಳದ ಇಂಟರ್ನ್‌ಶಿಪ್ ಕೊಡಲಿ.

ಸರ್ಕಾರವೂ ಗ್ರಾಹಕನಾಗಬೇಕು. ಸರ್ಕಾರಿ ಕೆಲಸಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ತಂದಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ, ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲಿ. ನಮ್ಮ ಜಿಲ್ಲೆಯ ಶಾಲೆ, ಪಂಚಾಯಿತಿ, ಸಹಕಾರಿ ಸಂಘಗಳೂ ಹಾಗೆ ಮಾಡಿದರೆ, ಪರವಾನಗಿಗೆಂದು ದೂರದ ಊರಿಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ಇಲ್ಲಿನ ಯುವಕರ ಕೂಲಿಯಾಗಿ ಇಲ್ಲೇ ಉಳಿಯುತ್ತದೆ.

ಮಾವನ ಅಂಗಡಿಗೆ ಮರಳಿ

ಕೊನೆಗೆ ಮಾವನ ಅಂಗಡಿಗೆ ಆ ತೆರೆದ ತಂತ್ರಾಂಶವನ್ನೇ ಹಾಕಿಕೊಟ್ಟೆ. ಮೊದಲ ತಿಂಗಳು ಹತ್ತೊಂಬತ್ತು ಬಾರಿ ಫೋನ್ ಬಂತು. ಪ್ರಿಂಟರ್ ಬಿಲ್ ಕೊಡುವುದಿಲ್ಲ, ತೆರಿಗೆ ದರ ತಪ್ಪು ತೋರಿಸುತ್ತದೆ, ಕರೆಂಟು ಹೋಗಿ ಬಂದ ಮೇಲೆ ಏನೋ ಆಗಿದೆ. ಪ್ರತಿ ಸಲವೂ ಹೋದೆ. ತಿಂಗಳ ಕೊನೆಗೆ ಮಾವ 500 ರೂಪಾಯಿಯ ನೋಟು ಕೈಗಿಟ್ಟರು. "ಫ್ರೀ ಅಲ್ವಾ ಮಾವ" ಎಂದೆ. "ಸಾಫ್ಟ್‌ವೇರ್ ಫ್ರೀ. ನೀನು ಫ್ರೀಯಾ? ಕರೆದಾಗ ಬಂದಿಯಲ್ಲ, ಅದಕ್ಕೆ" ಎಂದರು. ರೆಡ್ ಹ್ಯಾಟ್‌ನ ಇಡೀ ವ್ಯಾಪಾರ ನೀತಿಯನ್ನು ಮಾವ ಒಂದೇ ಮಾತಿನಲ್ಲಿ ಮುಗಿಸಿದ್ದರು.

ಈಗ ಪಕ್ಕದ ಗೊಬ್ಬರದ ಅಂಗಡಿ ಮತ್ತು ಸೋಮೇಶ್ವರದ ಒಂದು ಬೇಕರಿಯೂ ಸೇರಿವೆ. ತಿಂಗಳಿಗೆ ಒಟ್ಟು 1,500 ರೂಪಾಯಿ. ಬಸ್ ಪಾಸ್, ಡೇಟಾ ಖರ್ಚು ಕಳೆಯುತ್ತದೆ. ಇದರಿಂದಲೇ ಬದುಕಬಹುದೇ? ಲೆಕ್ಕ ಹಾಕಿದೆ. 25,000 ಬೇಕಾದರೆ 50 ಅಂಗಡಿ. 50 ಅಂಗಡಿಯವರು ವಾರಕ್ಕೆ ಒಂದೊಂದು ಫೋನ್ ಮಾಡಿದರೂ ದಿನಕ್ಕೆ ಏಳು ಅಂಗಡಿ ಸುತ್ತಬೇಕು. ಬರಿಯ ಸೇವೆಯನ್ನು ನಂಬಿದರೆ ಎರಡು ಕಾಲು ಎಷ್ಟು ಓಡಬಲ್ಲದೋ ಅಷ್ಟೇ ಆದಾಯ. ಫ್ರಾಪೆಯವರು ಕ್ಲೌಡ್ ಬಾಡಿಗೆಯ ಕಡೆ ಹೋದದ್ದು ಯಾಕೆಂದು ಹೆಬ್ರಿಯ ಮೂರು ಅಂಗಡಿಗಳಿಂದ ನನಗೆ ಅರ್ಥವಾಯಿತು. ಹಾಗಾಗಿ ಕ್ಯಾಂಪಸ್ ಸಂದರ್ಶನಕ್ಕೆ ನಾನು ಕೂರುವವಳೇ. ಮನೆಯಲ್ಲಿ ಸಾಲ ಇದೆ. ಆದರೆ ಮೂರು ಅಂಗಡಿಯನ್ನೂ ಬಿಡುವುದಿಲ್ಲ.

ಮೊನ್ನೆ ರಜೆಯಲ್ಲಿ ಇನ್ನೊಂದು ಕೆಲಸ ಮಾಡಿದೆ. ಆ ತಂತ್ರಾಂಶದ ಬಿಲ್ಲಿನ ಪುಟ ಇಂಗ್ಲಿಷಿನಲ್ಲಿದ್ದದ್ದರಿಂದ ಅತ್ತೆಗೆ ಕಷ್ಟವಾಗುತ್ತಿತ್ತು. ಸುಮಾರು ಇನ್ನೂರು ಪದಗಳನ್ನು ಕನ್ನಡಕ್ಕೆ ತಂದು, ಅದನ್ನು ಮಾಡಿದವರಿಗೆ ಕಳಿಸಿದೆ. ಎರಡು ಕಡೆ ತಿದ್ದಲು ಹೇಳಿದರು, ತಿದ್ದಿದೆ. 'ಸ್ಟಾಕ್' ಎಂಬುದಕ್ಕೆ ನಾನು 'ದಾಸ್ತಾನು' ಎಂದು ಬರೆದಿದ್ದೆ. ಅತ್ತೆ ನೋಡಿ, "ಅದೆಲ್ಲ ಯಾರಿಗೆ ಗೊತ್ತಾಗ್ತದೆ, ಸ್ಟಾಕ್ ಅಂತಲೇ ಬರಿ" ಎಂದರು. ಅದನ್ನೂ ಬದಲಿಸಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅವರಿಗೂ ಮನೆ, ಹೊಟ್ಟೆಪಾಡು ಇದೆಯಲ್ಲ, ಕಾಯುತ್ತೇನೆ.

(ಲೇಖಕಿ ಮೂರನೇ ವರ್ಷದ ಬಿ.ಇ. ವಿದ್ಯಾರ್ಥಿನಿ, ಹೆಬ್ರಿ)